ಸತ್ತ ಮೇಲೂ ಪಟ್ಟಿಲಿ ಹೆಸರು ಯಾಕೆ?

ಬಿಕಾಂ ಹುಡುಗನಿಗೆ ಕಂಪ್ಯೂಟರ್ ಯಾಕೆ ಅನ್ಬೇಡಿ, ಇದೂ ಲೆಕ್ಕದ ವಿಷ್ಯಾನೇ.

ಮಾವನ ಜೆರಾಕ್ಸ್ ಅಂಗಡಿಯ ಉಬುಂಟು ಕಂಪ್ಯೂಟರ್‌ಗೆ ಒಂದು ಬಿಲ್ ಪ್ರೋಗ್ರಾಂ ಬರ್ದುಕೊಟ್ಟಿದ್ದೆ. ಪ್ರತಿ ಬಿಲ್‌ಗೂ ಅದು ಪಿಡಿಎಫ್ ಮಾಡೋ ಇನ್ನೊಂದು ಪ್ರೋಗ್ರಾಂನ ಶುರು ಮಾಡುತ್ತೆ. ಸಂಜೆ ನೋಡಿದ್ರೆ ಪ್ರೋಸೆಸ್ ಪಟ್ಟಿ ತುಂಬ ‘ಡಿಫಂಕ್ಟ್’! ಮಾವ, “ವೈರಸ್ ಕಣೋ, ಫಾರ್ಮ್ಯಾಟ್ ಮಾಡ್ಬುಡು” ಅಂದ್ರು. ‘ಕಿಲ್ -9’ ಕೊಟ್ರೂ ಹೋಗ್ಲಿಲ್ಲ. ಹೋಗೋದೆಂಗೆ? ಅವು ಆಗ್ಲೇ ಸತ್ತಿದ್ವು.

ಇವೇ ಜೋಂಬಿ ಪ್ರೋಸೆಸ್. ಚೈಲ್ಡ್ ಪ್ರೋಸೆಸ್ ಕೆಲಸ ಮುಗ್ಸಿ ಹೋದ್ರೂ ಅದರ ನಂಬರು, ಅದು ಹೇಗೆ ಮುಗೀತು ಅನ್ನೋ ಮಾಹಿತಿ ಪಟ್ಟಿಲಿ ಉಳಿಯುತ್ತೆ. ಶುರು ಮಾಡಿದ ಪೇರೆಂಟ್ ‘ವೇಯ್ಟ್’ ಅಂತ ಕರೆದು ಅದನ್ನ ಓದ್ಕೊಂಡ್ರೆ ಆ ಸಾಲು ಅಳಿಯುತ್ತೆ. ಜೋಂಬಿ ಮೆಮೊರಿ ತಿನ್ನಲ್ಲ, ನಂಬರ್ ಹಿಡ್ಕೊಂಡಿರುತ್ತೆ. ನಂಬರ್‌ಗಳೆಲ್ಲ ಖಾಲಿಯಾದ್ರೆ ಹೊಸ ಪ್ರೋಗ್ರಾಂ ಶುರುವಾಗಲ್ಲ.

ಮನೇಲಿ ಯಾರಾದ್ರೂ ತೀರ್ಕೊಂಡ್ರೆ 21 ದಿನದೊಳಗೆ ಮರಣ ನೋಂದಣಿ ಮಾಡಿಸ್ಬೇಕಲ್ವಾ? ಮಾಡಿಸ್ದೇ ಇದ್ರೆ ತಪ್ಪು ಸತ್ತೋರದ್ದಾ?

ರೀಸ್ಟಾರ್ಟ್ ಮಾಡಿದ್ರೆ ಹೋಗುತ್ತೆ, ನಿಜ. ಪೇರೆಂಟ್‌ನ ನಿಲ್ಲಿಸಿದ್ರೂ ಸಾಕು, ನಂಬರ್ 1 ಪ್ರೋಸೆಸ್ ಅನಾಥ ಜೋಂಬಿಗಳ್ನ ದತ್ತು ತಗೊಂಡು ಸಾಲು ಅಳಿಸುತ್ತೆ. ಆದ್ರೆ ಕೋಡ್ ಅದೇ ಇದ್ರೆ ನಾಳೆ ಮತ್ತೆ ಅದೇ ಕಥೆ.

ನನ್ ಪ್ರಕಾರ ಶುರು ಮಾಡಿದೋರೇ ಲೆಕ್ಕ ಮುಗಿಸ್ಬೇಕು. ‘ವೇಯ್ಟ್’ ಅಂತ ಒಂದೇ ಸಾಲು ಸೇರಿಸ್ದೆ, ಪಟ್ಟಿ ಕ್ಲೀನ್. “ವೈರಸ್ ಅಲ್ಲ ಮಾವ, ತಪ್ಪು ನಂದೇ” ಅಂತ ಒಪ್ಕೊಂಡೆ. ಅದೇ ಸ್ವಲ್ಪ ಕಷ್ಟ ಆಗಿದ್ದು.

ನೀವು ಶುರು ಮಾಡಿ ಮರ್ತಿರೋದು ಏನಿದೆ? ಕಮೆಂಟ್ ಮಾಡಿ.