ಹಕ್ಕಿ ಎಣಿಸುವವರ ಲೆಕ್ಕ

ಭಾನುವಾರ ನಸುಕಿನಲ್ಲಿ ಪಿಲ್ಲಗುಂಪೆಯ ಕಾರ್ಖಾನೆಗಳನ್ನು ದಾಟಿ ಹೊಸಕೋಟೆ ಕೆರೆಗೆ ಹೋಗುತ್ತೇವೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಚಳಿಗಾಲಕ್ಕೆ ವಲಸೆ ಬರುವ ಸೂಜಿಬಾಲದ ಬಾತುಗಳನ್ನು ಎಣಿಸಿ, ಪಟ್ಟಿಯನ್ನು ಇ-ಬರ್ಡ್‌ಗೆ ಏರಿಸಿ, ಇಡ್ಲಿ ತಿಂದು ಮರಳುತ್ತೇವೆ. ಇದನ್ನೇ ಸಂರಕ್ಷಣೆ ಎನ್ನುತ್ತೇವೆ. ನನ್ನ ಪಿಎಚ್.ಡಿ.ಯೂ ಇಂಥ ಪಟ್ಟಿಗಳ ಮೇಲೆಯೇ ನಿಂತಿದೆ.

ಆದರೆ ಕೆರೆಗೆ ನೀರು ತರುವ ರಾಜಕಾಲುವೆ ಎಲ್ಲೆಲ್ಲಿ ಕಟ್ಟಿಕೊಂಡಿದೆ ಎಂದು ಯಾರಾದರೂ ಕೇಳಿದರೆ ನಾನು ತಲೆ ತಗ್ಗಿಸಬೇಕು. ಅದನ್ನು ಬಲ್ಲವರು ಬಲೆ ಬೀಸುವವರು, ಕುರಿ ಕಾಯುವವರು. ಅವರು ಫೋಟೋಗೆ ಅಡ್ಡ ಬಂದರೆ ನಾವು ಸಿಡುಕುತ್ತೇವೆ.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹಿತ್ತಲ ಹುಣಸೆಮರಗಳನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟವರು ಊರವರು. ಸರ್ಕಾರದ ‘ಸಮುದಾಯ ಮೀಸಲು’ ಪಟ್ಟ ಬಂದದ್ದು 2007ರಲ್ಲಿ. ದುರ್ಬೀನಿನಿಂದ ಹಕ್ಕಿ ಕಾಣುತ್ತದೆ, ಉಳಿಯುವುದಿಲ್ಲ. ನೀರು ಬರದ ಕೆರೆಗೆ ಬಾತೂ ಬಾರದು. ಮುಂದಿನ ಭಾನುವಾರ ಹಕ್ಕಿಗಳ ಜೊತೆ ಕಾಲುವೆಗಳನ್ನೂ ಎಣಿಸೋಣ, ಕುರಿ ಕಾಯುವವರನ್ನು ಕೇಳಿಕೊಂಡೇ.