ಎಲೆ ಚಂಚಿ ಮತ್ತು ತಾಳಿ

ಮೊನ್ನೆ ನಾಟಿ ಸಮಯದಲ್ಲಿ ನಂದಗಡಕ್ಕೆ ಹೋಗಿದ್ದೆ. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು ಅಂದ್ರೆ ನಿಮಗೆ ಗೊತ್ತಾಗುತ್ತೆ. ಮಳೆ ಸ್ವಲ್ಪ ನಿಂತಾಗ ಹೆಂಗಸರು ಬದುವಿನ ಮೇಲೆ ಕೂತು ಚಂಚಿ ಬಿಚ್ಚಿದ್ರು. ಎಲೆ, ಸುಣ್ಣ, ಒಂದು ಚಿಟಿಕೆ ತಂಬಾಕು. ಅವರಲ್ಲೊಬ್ಬಳ ಕಡೆ ಕೈ ತೋರಿಸಿ ನಮ್ಮ ಸಂಬಂಧಿಕರೊಬ್ಬರು, "ಗಂಡ ಸತ್ತಮ್ಯಾಲ ಆಕಿಗೆ ಹೇಳಾವ್ರು ಕೇಳಾವ್ರು ಇಲ್ಲ, ತಂಬಾಕ ಜೋರ ಆಗೇತಿ" ಅಂದ್ರು.

ಈ ಮಾತು ನನಗೆ ಸರಿ ಅನ್ನಿಸಲಿಲ್ಲ. ಆಕೆಯನ್ನೇ ಕೇಳಿದೆ. "ಅತ್ತಿ ಕಲಿಸಿದ್ಳೋ ತಮ್ಮಾ. ಲಗ್ನ ಆಗಿ ಬಂದ ವರ್ಷಾನ ಹಲ್ಲಿಗೆ ಮಿಶ್ರಿ ಹಚ್ಚು ಅಂದ್ಳು" ಅಂತ ನಕ್ಕಳು. ಮಿಶ್ರಿ ಅಂದ್ರೆ ಹುರಿದ ತಂಬಾಕಿನ ಪುಡಿ, ನಮ್ಮ ಗಡಿ ಭಾಗದಲ್ಲಿ ಹಲ್ಲುಜ್ಜೋ ನೆಪದಲ್ಲಿ ಬಾಯಿ ಸೇರೋದು. ಅಂದ್ರೆ ಚಟ ಶುರುವಾಗಿದ್ದು ತಾಳಿ ಬಿದ್ದ ಮೇಲೆ, ತಾಳಿ ತೆಗೆದ ಮೇಲಲ್ಲ!

2016-17ರ ವಯಸ್ಕರ ತಂಬಾಕು ಸಮೀಕ್ಷೆ ಪ್ರಕಾರ ದೇಶದ ಹೆಂಗಸರಲ್ಲಿ ಸೇದುವವರು ಶೇ. 2, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ. 12.8. ಇಂಥ ಸಮೀಕ್ಷೆಗಳಲ್ಲಿ ವಿಧವೆಯರು, ಗಂಡನನ್ನು ಬಿಟ್ಟವರಲ್ಲಿ ಬಳಕೆ ಜಾಸ್ತಿ ಕಾಣುತ್ತೆ, ನಿಜ. ಆದ್ರೆ ವಿಧವೆಯರು ಹೆಚ್ಚಾಗಿ ವಯಸ್ಸಾದವರು. ವಯಸ್ಸಿನ ಜೊತೆ, ಬಡತನದ ಜೊತೆ ತಂಬಾಕೂ ಹೆಚ್ಚುತ್ತೆ. ಅದನ್ನೆಲ್ಲ ಬಿಟ್ಟು "ಗಂಡ ಇಲ್ಲ, ಅದಕ್ಕೇ ಹಿಂಗೆ" ಅಂದ್ರೆ ಹೇಗೆ?

ಇನ್ನೊಂದು ವಿಷಯ. ಖಾನಾಪುರದ ಕಡೆ ಎಷ್ಟೋ ಗಂಡಸರು ದುಡಿಯೋಕೆ ಗೋವಾಕ್ಕೆ ಹೋಗ್ತಾರೆ. ಅವರ ಹೆಂಡತಿಯರು ಸಮೀಕ್ಷೆಯ ಫಾರಂನಲ್ಲಿ 'ವಿವಾಹಿತೆ'. ಮನೆಯಲ್ಲಿ ಮಾತ್ರ ಒಬ್ಬಳೇ. ಹೊಲ, ಮಕ್ಕಳು, ಅತ್ತೆ ಎಲ್ಲಾ ಒಬ್ಬಳ ತಲೆ ಮೇಲೆ. ಆ ಒಂಟಿತನಕ್ಕೆ ಫಾರಂನಲ್ಲಿ ಜಾಗ ಎಲ್ಲಿದೆ?

ಮತ್ತೆ ವಿಧವೆಯನ್ನು ನಾವು ಅರಿಶಿನ ಕುಂಕುಮಕ್ಕೆ ಕರೆಯೋದಿಲ್ಲ, ಉಡಿ ತುಂಬೋದಿಲ್ಲ. ಆಕೆಯನ್ನು ಏನೂ ಕೇಳದೆ ಪಕ್ಕಕ್ಕೆ ಕೂರಿಸಿಕೊಳ್ಳೋದು ಈ ಬದುವಿನ ಮೇಲಿನ ಚಂಚಿ ಗುಂಪೊಂದೇ. ಅದನ್ನೂ ಬಿಡು ಅನ್ನೋ ಮುಂಚೆ, ಬದಲಿಗೆ ನಾವು ಏನು ಕೊಡ್ತೀವಿ ಅಂತ ಯೋಚಿಸಬೇಡವೇ?

ಹಾಗಂತ ತಂಬಾಕಿನ ಪರ ವಾದ ಮಾಡ್ತಿಲ್ಲ. ಬಾಯಿ ಕ್ಯಾನ್ಸರ್‌ಗೆ ಮುತ್ತೈದೆ, ವಿಧವೆ ಅನ್ನೋ ಭೇದ ಇಲ್ಲ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧ ಆಯ್ತು, ಆದ್ರೆ ಚಂಚಿಯೊಳಗಿನ ತಂಬಾಕಿನ ಎಲೆ ಹಾಗೇ ಉಳೀತು. ಬಿಡಬೇಕು ಅನ್ನೋರಿಗೆ 1800-11-2356 ಅನ್ನೋ ಉಚಿತ ಸಹಾಯವಾಣಿ ಇದೆ. ಆಶಾ ಕಾರ್ಯಕರ್ತೆಯರು ಬಸುರಿಯರ ಜೊತೆ ಅತ್ತೆಯಂದಿರನ್ನೂ ಕೂರಿಸಿಕೊಂಡು ಮಿಶ್ರಿ ವಿಷಯ ಮಾತಾಡಿದ್ರೆ ಇನ್ನೂ ಒಳ್ಳೇದು. ಕಲಿಸಿದವರೇ ಬಿಡಿಸಲಿ...

ಗಂಡ ಇದ್ದಾನೋ ಇಲ್ಲವೋ ಅಂತ ಕೇಳೋದು ಬಿಟ್ಟು, ಮಧ್ಯಾಹ್ನ ಊಟ ಆಯ್ತಾ ಅಂತ ಕೇಳೋಣ. ಅರ್ಧ ಉತ್ತರ ಅಲ್ಲೇ ಸಿಗುತ್ತೆ ಅಂತ ನನ್ನ ಅನಿಸಿಕೆ. ನೀವೇನಂತೀರಿ?