ತಾರಸಿಯ ಪುಟ್ಟ ಈಜುಕೊಳ: ಎಂಸಿಬಿ ಇದ್ದರೆ ಸಾಕೆ?

ಬೇಸಿಗೆ ರಜೆ ಬಂತೆಂದರೆ ಮಕ್ಕಳಿಗಾಗಿ ಪುಟ್ಟ ಈಜುಕೊಳಗಳು ಅಂಗಳಕ್ಕೋ ತಾರಸಿಗೋ ಬರುತ್ತವೆ. ಗಾಳಿ ತುಂಬುವಂಥವು ಕೆಲವು, ಲೋಹದ ಚೌಕಟ್ಟಿನವು ಕೆಲವು. ಜೊತೆಗೆ ನೀರು ಶುದ್ಧಮಾಡುವ ಪುಟ್ಟ ಪಂಪ್. "ಪ್ಲಾಸ್ಟಿಕ್ ತಾನೆ, ಶಾಕ್ ಹೊಡೆಯಲ್ಲ", "ಎಂಸಿಬಿ ಇದೆಯಲ್ಲ, ಟ್ರಿಪ್ ಆಗುತ್ತೆ" ಎಂಬ ಮಾತುಗಳೂ ಜೊತೆಗೇ ಬರುತ್ತವೆ. ಎರಡನ್ನೂ ನಂಬುವಂತಿಲ್ಲ. 2023ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ವರ್ತೂರಿನ ಅಪಾರ್ಟ್‌ಮೆಂಟ್ ಒಂದರ ಈಜುಕೊಳದಲ್ಲಿ ಬಾಲಕಿಯೊಬ್ಬಳು ವಿದ್ಯುತ್ ಆಘಾತದಿಂದ ಮೃತಪಟ್ಟಿದ್ದಳು. ಕೊಳ ದೊಡ್ಡದಿರಲಿ, ಚಿಕ್ಕದಿರಲಿ, ವಿದ್ಯುತ್ತಿನ ನಿಯಮ ಒಂದೇ.

ಎಂಸಿಬಿ ಏನು ಮಾಡುತ್ತದೆ?

ಎಂಸಿಬಿ ಇರುವುದು ವೈರನ್ನು ಕಾಪಾಡಲು, ನಮ್ಮನ್ನಲ್ಲ. ಒದ್ದೆ ಮೈಯ ರೋಧ ಸುಮಾರು 1,000 ಓಮ್ ಎಂದುಕೊಂಡರೆ, 230 ವೋಲ್ಟ್ ತಗುಲಿದಾಗ ದೇಹದಲ್ಲಿ ಹರಿಯುವುದು 230 ಮಿಲಿಆಂಪಿಯರ್. ಹೃದಯದ ಲಯ ತಪ್ಪಿಸಲು ಇದು ಧಾರಾಳ ಸಾಕು. ಆದರೆ 16 ಆಂಪಿಯರಿನ ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ. ಅದರ ಮಿತಿ 16,000 ಮಿಲಿಆಂಪಿಯರ್!

ಆರ್‌ಸಿಸಿಬಿ ಬೇರೆಯದೇ ಸಾಧನ. ಹೋದ ಕರೆಂಟು ಅಷ್ಟೇ ಪ್ರಮಾಣದಲ್ಲಿ ವಾಪಸು ಬಂತೇ ಎಂದು ಅದು ನೋಡುತ್ತಿರುತ್ತದೆ. 30 ಮಿಲಿಆಂಪಿಯರಿನಷ್ಟು ಸೋರಿದರೂ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ.

ಅರ್ತಿಂಗ್ ಬೇರೆ, ಬಾಂಡಿಂಗ್ ಬೇರೆ

ತಂತಿಯ ಮೇಲೆ ಕೂತ ಕಾಗೆಗೆ ಶಾಕ್ ಹೊಡೆಯುವುದಿಲ್ಲ, ಏಕೆಂದರೆ ಅದರ ಎರಡೂ ಕಾಲುಗಳು ಒಂದೇ ವೋಲ್ಟೇಜಿನಲ್ಲಿರುತ್ತವೆ. ಅಪಾಯ ಇರುವುದು ವ್ಯತ್ಯಾಸದಲ್ಲಿ. ಪಂಪ್ ಸೋರಿ ನೀರಿಗೆ ವಿದ್ಯುತ್ ಬಂದಿದೆ ಎನ್ನಿ. ಕೊಳದಲ್ಲಿರುವ ಮಗು ಕೈಚಾಚಿ ಪಕ್ಕದ ನಲ್ಲಿಯನ್ನೋ ಕಂಬಿಯನ್ನೋ ಮುಟ್ಟಿದರೆ, ಕೊಳ ಪ್ಲಾಸ್ಟಿಕ್ಕಿನದೇ ಆದರೂ ವಿದ್ಯುತ್ ಮಗುವಿನ ಮೂಲಕವೇ ಭೂಮಿಗೆ ಹರಿಯುತ್ತದೆ. ಚೌಕಟ್ಟು, ಏಣಿ, ಕಂಬಿ, ನಲ್ಲಿಯ ಪೈಪು ಹೀಗೆ ಕೈಗೆಟುಕುವ ಲೋಹಗಳನ್ನೆಲ್ಲ ದಪ್ಪ ತಾಮ್ರದ ತಂತಿಯಿಂದ ಒಂದಕ್ಕೊಂದು ಜೋಡಿಸಿ ಈ ವ್ಯತ್ಯಾಸ ತಗ್ಗಿಸುವುದೇ ಬಾಂಡಿಂಗ್. ಸೋರಿದ ಕರೆಂಟಿಗೆ ಭೂಮಿಯ ದಾರಿ ತೋರಿಸುವುದು ಅರ್ತಿಂಗ್. ಒಂದಿದ್ದರೆ ಇನ್ನೊಂದು ಬೇಡ ಎಂದಲ್ಲ.

ನೆಲಕ್ಕೊಂದು ಸಲಾಕೆ ಹೊಡೆದರೆ ಆಯಿತೆ? ಒಣ ಮಣ್ಣಿನಲ್ಲಿ ಅದರ ರೋಧ 20 ಓಮ್ ಇದ್ದರೆ ಹರಿಯುವುದು 11.5 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿ ಆಗಲೂ ಸುಮ್ಮನಿರುತ್ತದೆ.

ಹಳೆಯ ಮನೆಗಳ ತೊಡಕು

ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಕರೆಂಟಿಗಿಂತ ಹಿರಿಯವು. ಅವು ರೂಪುಗೊಂಡದ್ದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ. ಶಿವನಸಮುದ್ರದ ವಿದ್ಯುತ್ ನಗರದ ದೀಪ ಬೆಳಗಿದ್ದು 1905ರಲ್ಲಿ. ಹಳೆಯ ಮನೆಗಳಲ್ಲಿ ಆಮೇಲೆ ಎಳೆದ ವೈರಿಂಗ್‌ನಲ್ಲಿ ಅರ್ತ್ ತಂತಿ ಇಲ್ಲದಿರಬಹುದು. ಮೂರು ಪಿನ್ನಿನ ಸಾಕೆಟ್ ಕಂಡ ಮಾತ್ರಕ್ಕೆ ಅದರ ಹಿಂದೆ ಅರ್ತ್ ಇದೆ ಎನ್ನಲಾಗದು. ಅರ್ತ್ ಪಿನ್ನನ್ನು ನ್ಯೂಟ್ರಲ್‌ಗೇ ಜೋಡಿಸುವುದಂತೂ ಘೋರ ತಪ್ಪು: ನ್ಯೂಟ್ರಲ್ ತುಂಡಾದರೆ ಪಂಪಿನ ಲೋಹದ ಮೈಯೇ ಲೈವ್ ಆಗಿಬಿಡುತ್ತದೆ.

ಹಾಗಾದರೆ ಏನು ಮಾಡಬೇಕು?

• ಮಕ್ಕಳು ನೀರಿನಲ್ಲಿರುವಾಗ ಪಂಪ್ ಓಡಿಸಬೇಡಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ.
• ಸಾಕೆಟ್, ಎಕ್ಸ್‌ಟೆನ್ಷನ್ ಬೋರ್ಡ್, ಚಾರ್ಜಿಗೆ ಹಾಕಿದ ಫೋನು ಕೊಳದಿಂದ ಕನಿಷ್ಠ 3.5 ಮೀಟರ್ ದೂರವಿರಲಿ.
• ಮೇಲೆ ವಿದ್ಯುತ್ ತಂತಿ ಹಾದುಹೋಗುವ ಕಡೆ ಕೊಳ ಇಡಬೇಡಿ.
• ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಅಳೆಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಬಾಂಡಿಂಗ್ ಕೆಲಸವನ್ನೂ ಅವರಿಗೇ ಬಿಡಿ.
• ನೀರಿನಲ್ಲಿ ಜುಮ್ಮೆಂದರೆ ಅದೇ ಎಚ್ಚರಿಕೆ. ಲೋಹ ಮುಟ್ಟದೆ ಹೊರಬರಲು ಹೇಳಿ, ಮೇನ್ ಆರಿಸಿ.
• ಯಾರಾದರೂ ಶಾಕ್ ತಗುಲಿ ಬಿದ್ದರೆ ನೀರಿಗೆ ಧುಮುಕಬೇಡಿ. ಮೊದಲು ಮೇನ್ ಆರಿಸಿ, ಆಮೇಲೆ ಎತ್ತಿ, 108ಕ್ಕೆ ಕರೆಮಾಡಿ. ಉಸಿರಿಲ್ಲದಿದ್ದರೆ ಸಿಪಿಆರ್ ಶುರುಮಾಡಿ.

ಇದನ್ನು ಫಾರ್ವರ್ಡ್ ಮಾಡುವ ಮುನ್ನ ನಿಮ್ಮ ಮನೆಯ ಮೀಟರ್ ಬೋರ್ಡನ್ನೊಮ್ಮೆ ನೋಡಿ. 'ಟಿ' ಅಥವಾ 'ಟೆಸ್ಟ್' ಎಂಬ ಗುಂಡಿ ಇದ್ದರೆ ಒತ್ತಿ, ಟ್ರಿಪ್ ಆಗಬೇಕು. ಆಗದಿದ್ದರೆ, ಅಥವಾ ಅಂಥ ಗುಂಡಿಯೇ ಕಾಣದಿದ್ದರೆ, ಕೊಳಕ್ಕೆ ನೀರು ತುಂಬುವ ಮೊದಲು ಎಲೆಕ್ಟ್ರಿಷಿಯನ್‌ಗೆ ಫೋನು ಮಾಡಿ.